ಅಬ್ಬೆ ಮೀನು ಬಿಟ್ಟದ್ದು

ನಮ್ಮೂರು ತೆಂಗಿನಗುಂಡಿಯಲ್ಲಿ ನನ್ನಷ್ಟು ಚೆಂದ ಸುಳ್ಳು ಹೇಳುವವ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎಪ್ಪತ್ತು ದಾಟಿತು, ಒಬ್ಬನಾದರೂ ಎದುರು ಬರಲಿ ನೋಡುವ. ಆದರೆ ಒಂದು ಸುಳ್ಳು ನನ್ನನ್ನೇ ಮೂರು ತಿಂಗಳು ಕುಣಿಸಿತು.

ಬಾಂಗ್ಲಾ ಯುದ್ಧದ ವರ್ಷ ನೌಕಾದಳಕ್ಕೆ ಸೇರಿದೆ. ಟ್ರೇನಿಂಗು ಆಚೆ ಕರಾವಳಿಯಲ್ಲಿ. ಅಲ್ಲಿ ಸೂರ್ಯ ಸಮುದ್ರದಿಂದ ಹುಟ್ತಾನೆ. ಅವ ಮುಳುಗೋದನ್ನೇ ನೋಡಿ ಬೆಳೆದ ನನಗೆ ದಿಕ್ಕೇ ತಪ್ಪಿ ಹೋಯ್ತು. ಕೆಲಸ ಎಂತ? ಪರೇಡು, ನೆಲ ಉಜ್ಜೋದು, ಬಟಾಟೆ ಸುಲಿಯೋದು. ಹಡಗು ಕಂಡದ್ದು ದೂರದಿಂದ, ಅದೂ ಬಟಾಟೆ ಚೀಲದ ಮೇಲೆ ಹತ್ತಿ ನಿಂತು. ಊರಿಗೆ ಇದನ್ನೆಲ್ಲ ಬರೆದರೆ ಮರ್ಯಾದೆ ಉಳೀತದಾ? ಫಿರಂಗಿ ಹೊಡೀತಾ ಇದ್ದೇನೆ, ವೈರಿ ಹಡಗೊಂದು ಮುಳುಗಿತು ಅಂತ ಬರೆದೆ.

ಅಬ್ಬೆ ಭಟ್ಕಳ ಪೇಟೆಗೆ ಮೀನು ಹೊತ್ತು ಮಾರುವವಳು, ಓದು ಬರದು. ತಂಗಿ ಓದಿ ಹೇಳಿದಳಂತೆ. ಹದಿನೈದು ದಿನಕ್ಕೆ ತಂಗಿಯ ಉತ್ತರ ಬಂತು. ನಾನು ಮನೆ ಮೆಟ್ಟಿಲು ಹತ್ತುವವರೆಗೆ ಮೀನು ಬಾಯಿಗಿಡೋದಿಲ್ಲ ಅಂತ ಅಬ್ಬೆ ದೇವರಿಗೆ ಹೇಳಿಕೊಂಡಿದ್ದಾಳೆ. ಗಂಜಿ, ಉಪ್ಪಿನಕಾಯಿ, ಅಷ್ಟೇ. ಬುಟ್ಟಿ ಹೊರುವಾಗ ಕಾಲು ನಡುಗ್ತದೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಮುಳುಗಿಸಿದ್ದು ಬಟಾಟೆ ಮಾತ್ರ, ಅದೂ ಬಕೆಟ್ಟಿನಲ್ಲಿ ಅಂತ ನಿಜ ಬರೆದೆ. ಹರಕೆ ಅಂದರೆ ಹರಕೆ, ಅವ ಬಂದ ಮೇಲೆ ನೋಡುವ ಅಂದಳಂತೆ ಅಬ್ಬೆ. ಯುದ್ಧ ಯಾವಾಗಲೋ ಮುಗಿದಿತ್ತು. ಟ್ರೇನಿಂಗು ಮುಗಿಯದೆ ರಜೆ ಇಲ್ಲ.

ಅಷ್ಟರಲ್ಲಿ ನಾನು ಒಂದು ಘನಕಾರ್ಯ ಮಾಡಿ ಆಗಿತ್ತು. ಬ್ಯಾರಕ್ಕಿನ ಬೂಟೆಲ್ಲ ಅದಲುಬದಲು ಮಾಡಿದ್ದೆ. ಅರ್ಧ ಜನ ಎರಡೂ ಎಡಗಾಲಿನ ಬೂಟು ಹಾಕಿ ಪರೇಡಿಗೆ ಬಂದಿದ್ದರು. ಇನ್ನೊಂದು ಸಲ ಸಿಕ್ಕಿಬಿದ್ದರೆ ಮುಂದಿನ ತಂಡದ ಜೊತೆ ಮೊದಲಿಂದ ಶುರು ಮಾಡು ಅಂದಿದ್ದ ಡ್ರಿಲ್ ಮಾಸ್ತರ. ಅಂದರೆ ಅಬ್ಬೆಗೆ ಇನ್ನೂ ಆರು ತಿಂಗಳು ಗಂಜಿ.

ಮೂರು ತಿಂಗಳು ಒಂದೂ ಕಿತಾಪತಿ ಇಲ್ಲ. ನೀವು ನಂಬೋದಿಲ್ಲ. ಬೋಳುತಲೆಯ ಅಡುಗೆಯವ ಟೋಪಿ ಕಳಚಿಟ್ಟು ಎದುರಲ್ಲೇ ಗೊರಕೆ ಹೊಡೀತಿದ್ದ, ಪಕ್ಕದಲ್ಲಿ ಮೈದಾಹಿಟ್ಟಿನ ಡಬ್ಬ, ಮುಚ್ಚಳವೂ ಇಲ್ಲ. ನಾನು ಎರಡೂ ಕೈ ತೊಡೆಯಡಿಗೆ ಹಾಕಿ ಕೂತೆ. ಬೆರಳೆಲ್ಲ ತುರಿಸ್ತಿತ್ತು. ಪರೇಡಿನಲ್ಲಿ ಮಾತ್ರ ನನ್ನಷ್ಟು ನೆಟ್ಟಗೆ ನಿಂತವ ಮತ್ತೊಬ್ಬನಿಲ್ಲ, ಇದು ಸುಳ್ಳಲ್ಲ.

ಅಂತೂ ಪಾಸಾಗಿ ಮನೆಗೆ ಬಂದೆ. ಅಬ್ಬೆಯ ಬಳೆ ಮೊಣಕೈವರೆಗೆ ಜಾರ್ತಿತ್ತು. ಬಂಗಡೆ ಮೀನಿನ ಸಾರು ಕುದೀತಿತ್ತು. ತಾಟಿನ ಮುಂದೆ ಕೂತು ತಪ್ಪಾಯ್ತು ಅಂದೆ, ಹಡಗಿನ ಕತೆಯೆಲ್ಲ ಸುಳ್ಳು ಅಂತ ಬಾಯಿಬಿಟ್ಟೂ ಹೇಳಿದೆ.

“ಗೊತ್ತಿತ್ತು ಮಾರಾಯ. ಮೊದಲನೇ ಕಾಗದಕ್ಕೇ ಗೊತ್ತಿತ್ತು.”

“ಮತ್ತೆ ಮೀನು ಎಂತಕ್ಕೆ ಬಿಟ್ಟೆ?”

“ಯುದ್ಧಕ್ಕೆ ಹೆದರಿ ಅಲ್ಲ. ನೀನು ಅಲ್ಲಿ ಯಾರಿಗಾದರೂ ಕೀಟಲೆ ಮಾಡಿ ಶಿಕ್ಷೆ ತಿಂದು ಅಲ್ಲೇ ಉಳೀತೆ ಅಂತ ಹೆದರಿಕೆ. ನಾ ಬಾಯಿ ಕಟ್ಟಿದರೆ ನೀ ಕೈ ಕಟ್ಟಿ ಕೂರ್ತೆ. ನಿನ್ನ ಹೆತ್ತವಳು ನಾನು.”

ಅಬ್ಬೆ ಮೂರು ಬಂಗಡೆ ತಿಂದಳು. ನಾನು ಬೆಪ್ಪಾಗಿ ಕೂತದ್ದು ನೋಡಿ ನನ್ನ ತಾಟಿನದನ್ನೂ ಎತ್ತಿಕೊಂಡಳು.