ಜೈಲಕ್ಕನ ಮುಂಗೈ

ಆ ರಾಯಭಾರ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಜೈಲಕ್ಕ. ಪರದೇಶದಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದ ತನ್ನ ನಾಡಿನವರನ್ನು ಠಾಣೆಗೋ ಜೈಲಿಗೋ ಹೋಗಿ ಕಂಡುಬರುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. “ಈ ಊರಿನ ಯಾವ ಕಳ್ಳನೂ ನನ್ನಷ್ಟು ಸಲ ಜೈಲಿಗೆ ಹೋಗಿಲ್ಲ” ಎಂದು ತಾನೇ ನಗುತ್ತಿದ್ದಳು.

ಬಿಡಿಸಿಕೊಂಡು ಬರುವ ಅಧಿಕಾರ ಅವಳಿಗಿರಲಿಲ್ಲ. ವಕೀಲರ ಪಟ್ಟಿ ಕೊಡಬಹುದು, ಡಾಕ್ಟರಿಗೆ ತೋರಿಸಿ ಎಂದು ಕೇಳಬಹುದು, ಮನೆಯವರಿಗೆ ಸುದ್ದಿ ಮುಟ್ಟಿಸಬಹುದು. ಪಕ್ಕದಲ್ಲಿ ಪೊಲೀಸ್ ನಿಂತಿದ್ದರೆ ಯಾವ ಕೈದಿಯೂ ಬಾಯಿ ಬಿಡುವುದಿಲ್ಲ ಎಂಬುದು ಮೊದಲ ವರ್ಷವೇ ಗೊತ್ತಾಗಿತ್ತು. ಅದಕ್ಕೇ, ಏಟು ಬಿದ್ದಿದೆಯೇ ಎಂದು ತಾನೇ ನೋಡಲು, ಯಾರನ್ನು ಕಂಡರೂ ಮೊದಲು ಎರಡೂ ಕೈ ಎತ್ತಿಸುತ್ತಿದ್ದಳು, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು.

ಒಂದು ಸೋಮವಾರ ಗಾರೆ ಕೆಲಸದವನೊಬ್ಬನ ಹೆಂಡತಿ ಊರಿನಿಂದ ಫೋನ್ ಮಾಡಿದಳು. “ಅಕ್ಕಾ, ಒಂಬತ್ತು ದಿನದಿಂದ ಅವರ ಸುದ್ದೀನೇ ಇಲ್ಲ. ಜೀವಂತ ಇದ್ದಾರೋ ಇಲ್ವೋ, ಅಷ್ಟಾದ್ರೂ ಹೇಳಿ.”

ಜೈಲಕ್ಕ ಐದು ಠಾಣೆಗಳಿಗೆ ಫೋನ್ ಮಾಡಿದಳು. ಐದರಲ್ಲೂ ಅಂಥವನು ಇಲ್ಲವೆಂದರು. ಕೊನೆಗೆ ಅವನ ಜೊತೆಗೆಲಸದವನೊಬ್ಬ ಹೆದರುತ್ತಲೇ ಬಾಯಿಬಿಟ್ಟ. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ನರಳುತ್ತಿದ್ದ ಆಳೊಬ್ಬನನ್ನು ‘ನಾಟಕ ಆಡ್ತೀಯಾ’ ಎಂದು ಮೇಸ್ತ್ರಿ ಒದ್ದನಂತೆ. ಗಾರೆಯವನು ಸಲಿಕೆ ಎತ್ತಿ ಮೇಸ್ತ್ರಿಯ ಮುಖಕ್ಕೆ ಬೀಸಿದನಂತೆ. ಪೊಲೀಸರು ಅವನನ್ನು ಅಲ್ಲೇ ಸಿಮೆಂಟಿನ ರಾಶಿಯ ಮೇಲೆ ಕೆಡವಿ ಹಣ್ಣುಗಾಯಿ ನೀರುಗಾಯಿ ಮಾಡಿ, ಕಾಲು ಹಿಡಿದು ವ್ಯಾನಿಗೆ ಎಳೆದೊಯ್ದಿದ್ದರು. ವ್ಯಾನು ಯಾವ ಠಾಣೆಯದೆಂಬುದನ್ನೂ ಆ ಜೊತೆಗೆಲಸದವನೇ ಹೇಳಿದ.

ಇಲ್ಲವೆಂದ ಐದರಲ್ಲಿ ಅದೂ ಒಂದು. ಜೈಲಕ್ಕ ನೇರ ಅಲ್ಲಿಗೇ ಹೋಗಿ ಕುಳಿತಳು. ನಾಳೆ ಬನ್ನಿ ಎಂದರು, ಸಾಹೇಬರಿಲ್ಲ ಎಂದರು. ಅವಳು ಜಪ್ಪಯ್ಯ ಎಂದರೂ ಏಳಲಿಲ್ಲ. ಮೂರು ಗಂಟೆ ಕಾಯಿಸಿದ ಮೇಲೆ ಹಿಂಬದಿಯ ಕೋಣೆಗೆ ಕರೆದರು. ಒಂದು ಮೇಜು, ಎರಡು ಕುರ್ಚಿ, ಇನ್ನೂ ಒದ್ದೆ ಆರದ ನೆಲ. ಗಾರೆಯವನನ್ನು ತಂದು ಕೂರಿಸಿದರು. ಆ ಸೆಕೆಯಲ್ಲೂ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಸಿದ್ದರು, ಕಾಲಿಗೆ ಹೊಸ ಕಾಲುಚೀಲ. ಒಂದು ಕಡೆ ಇನ್‌ಸ್ಪೆಕ್ಟರ್, ಇನ್ನೊಂದು ಕಡೆ ದೊಣ್ಣೆ ಹಿಡಿದ ಪೇದೆ.

“ಹೇಗಿದ್ದೀಯಪ್ಪಾ?”

“ಚೆನ್ನಾಗಿದ್ದೀನಕ್ಕಾ.” ಅವನ ಮುಂದಿನ ಎರಡು ಹಲ್ಲು ಇರಲಿಲ್ಲ.

“ಕೈ ಎತ್ತು ನೋಡೋಣ.”

ಬಲಗೈ ಭುಜದ ಮೇಲಕ್ಕೆ ಏರಲಿಲ್ಲ. “ನಾಲ್ಕು ಹೆಜ್ಜೆ ನಡಿ” ಎಂದಳು. ಎರಡನೆಯ ಹೆಜ್ಜೆಗೆ ಕುಸಿದು ಬಿದ್ದ. ಅವಳು ನೆಲಕ್ಕೆ ಕುಳಿತು ಕಾಲುಚೀಲ ಎಳೆದಳು. ಚೀಲದ ಜೊತೆಗೆ ಚರ್ಮವೂ ಕಿತ್ತು ಬಂತು. ಅಂಗಾಲು ನೇರಳೆ ಬಣ್ಣಕ್ಕೆ ತಿರುಗಿ ಊದಿ ಒಡೆದಿತ್ತು.

“ಮೆಟ್ಟಿಲ ಮೇಲಿಂದ ಬಿದ್ದ” ಎಂದ ಇನ್‌ಸ್ಪೆಕ್ಟರ್.

“ಅಂಗಾಲು ಮೇಲೆ ಮಾಡ್ಕೊಂಡು ಬಿದ್ನಾ?” ಎಂದಳು ಜೈಲಕ್ಕ, ಅವನ ಭಾಷೆಯಲ್ಲೇ. ನೋಟ್‌ಬುಕ್ ತೆರೆದು ಬರೆಯತೊಡಗಿದಳು.

ಇನ್‌ಸ್ಪೆಕ್ಟರ್ ನೋಟ್‌ಬುಕ್ ಕಿತ್ತುಕೊಂಡ. ಪೇದೆ ಬಿದ್ದವನ ಹೊಟ್ಟೆಗೆ ಬೂಟಿನಿಂದ ಒದ್ದ, ಇನ್ನೊಮ್ಮೆ ಒದ್ದ. “ಏನೋ ಹೇಳ್ದೆ ಇವಳಿಗೆ?” ಎಂದು ದೊಣ್ಣೆ ಎತ್ತಿದ. ಯೋಚಿಸಲು ಹೊತ್ತಿರಲಿಲ್ಲ, ಜೈಲಕ್ಕ ಅಡ್ಡ ಬಂದು ಕೈ ಒಡ್ಡಿದಳು. ಒಣ ಕಟ್ಟಿಗೆ ಮುರಿದಂಥ ಸದ್ದು. ಕಣ್ಣಿಗೆ ಕತ್ತಲೆ ಕವಿಯಿತು. ಮತ್ತೆ ಕಣ್ಣು ಬಿಟ್ಟಾಗ ಎಡ ಮುಂಗೈ ಬಾಗಬಾರದ ಕಡೆಗೆ ಬಾಗಿತ್ತು.

ಕೈದಿಯನ್ನು ಬಡಿದರೆ ಕೇಳುವವರಿಲ್ಲ. ರಾಯಭಾರ ಕಚೇರಿಯವಳ ಕೈ ಮುರಿದರೆ ಮೇಲಿನಿಂದ ಪತ್ರ ಬರುತ್ತದೆ. ಇನ್‌ಸ್ಪೆಕ್ಟರನ ಮುಖದ ರಕ್ತ ಇಳಿದುಹೋದದ್ದನ್ನು ಅವಳು ಕಂಡಳು.

“ಆಂಬುಲೆನ್ಸ್ ಬರ್ತಾ ಇದೆ ಮೇಡಂ, ಆಂಬುಲೆನ್ಸ್!” ಎಂದು ಅವನೇ ಕೂಗಿದ.

“ಬರ್ಲಿ. ಇವನನ್ನ ಬಿಟ್ಟು ನಾನು ಹತ್ತಲ್ಲ” ಎಂದು ಹಲ್ಲು ಕಚ್ಚಿಕೊಂಡು, ಗಾರೆಯವನ ಅಂಗಿಯನ್ನು ಬಲಗೈಯಲ್ಲಿ ಹಿಡಿದು ಕುಳಿತುಬಿಟ್ಟಳು. ಬಿಡಿಸಲು ನೋಡಿದರು, ಬಿಡಲಿಲ್ಲ. ಕೊನೆಗೆ ಇಬ್ಬರನ್ನೂ ಹತ್ತಿಸಿದರು.

ಆಂಬುಲೆನ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ: “ಅಕ್ಕಾ, ಮೇಸ್ತ್ರಿಗೆ ನಾನು ಎರಡು ಸಲ ಹೊಡ್ದೆ. ಒಂದೇ ಏಟಿಗೆ ಬಿದ್ದಿದ್ದ ಅವನು. ಬಿದ್ದ ಮೇಲೂ ಹೊಡ್ದೆ, ಸಲಿಕೆ ಅಂಚು ಕಣ್ಣಿಗೆ ಹೋಯ್ತು. ಎರಡನೇದು ಬೇಕಿರ್ಲಿಲ್ಲ.”

ಬಿದ್ದವನನ್ನು ಒದ್ದ ಪೇದೆಯ ಬೂಟು ಜೈಲಕ್ಕನ ಕಣ್ಣ ಮುಂದೆ ಬಂತು. ಒಂದು ಕ್ಷಣ ಇವನ ಅಂಗಿ ಹಿಡಿದಿದ್ದ ಕೈ ತೆಗೆಯಬೇಕೆನಿಸಿತು. ತೆಗೆಯಲಿಲ್ಲ. “ವಕೀಲರಿಗೆ ಹೀಗೇ ಹೇಳು. ಒಂದಕ್ಷರ ಮುಚ್ಚಿಡ್ಬೇಡ” ಎಂದಳಷ್ಟೇ.

ಡಾಕ್ಟರ ವರದಿ ನೋಡಿ, ಠಾಣೆಯಲ್ಲಿ ಹೊಡೆದು ಹೆಬ್ಬೆಟ್ಟು ಒತ್ತಿಸಿಕೊಂಡ ತಪ್ಪೊಪ್ಪಿಗೆಯ ಕಾಗದವನ್ನು ನ್ಯಾಯಾಧೀಶರು ಬದಿಗಿಟ್ಟರು. ಅದನ್ನೇ ನೆಚ್ಚಿದ್ದ ಕೊಲೆಯತ್ನದ ಆರೋಪ ಬಿದ್ದುಹೋಯಿತು. ಆದರೆ ಮೇಸ್ತ್ರಿ ಕಣ್ಣು ಕಳೆದುಕೊಂಡಿದ್ದು ಸುಳ್ಳಲ್ಲವಲ್ಲ. ಅದಕ್ಕೆ ಗಾರೆಯವನಿಗೆ ಮೂರು ವರ್ಷ ಶಿಕ್ಷೆಯಾಯಿತು. ಪೇದೆಯನ್ನು ಬೇರೆ ಠಾಣೆಗೆ ಹಾಕಿದರು, ಇನ್‌ಸ್ಪೆಕ್ಟರ್ ಇದ್ದಲ್ಲೇ ಇದ್ದ.

ತೀರ್ಪಿನ ದಿನ ಜೈಲಕ್ಕನೇ ಗಾರೆಯವನ ಹೆಂಡತಿಗೆ ಫೋನ್ ಮಾಡಿದಳು.

“ಮೂರು ವರ್ಷಾನಾ!” ಆ ಕಡೆಯಿಂದ ಕಿರುಚಿದ್ದು ಕೇಳಿತು. “ಮತ್ತೆ ನೀವು ಅಲ್ಲಿ ಕೂತು ಮಾಡಿದ್ದೇನು? ಒಂದು ಕಡ್ಡಿನಾದ್ರೂ ಅಲ್ಲಾಡಿಸಿದ್ರಾ?”

ಜೈಲಕ್ಕ ಕೈಯ ವಿಷಯ ಎತ್ತಲಿಲ್ಲ. ಅಳು ಇಳಿಯುವವರೆಗೆ ಕಾದು, “ಪೆನ್ನು ತಗೋಮ್ಮಾ” ಎಂದಳು. ಜೈಲಿನ ವಿಳಾಸ, ಅವನ ಕೈದಿ ಸಂಖ್ಯೆ, ತಿಂಗಳಲ್ಲಿ ಫೋನಿಗೆ ಬಿಡುವ ಎರಡು ದಿನ, ಒಂದೊಂದನ್ನೂ ನಿಧಾನವಾಗಿ ಬರೆಸಿದಳು. ಬರೆದದ್ದನ್ನು ಮತ್ತೆ ಓದಿಸಿದಳು. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು, ತಿದ್ದಿಸಿದಳು.