ಮಂಡಿಯ ‘ಗೆಟ್’ ಬರೆದ ಮೇಷ್ಟ್ರು

ಮೊನ್ನೆ ಮಾವಿನ ಮಂಡಿಯ ಆಫೀಸಿನಲ್ಲಿ ಹಳೆಯ ಕಂಪ್ಯೂಟರ್ ಆನ್ ಮಾಡಿದೆ. ಬಿಸಿಯಾದ ಧೂಳಿನ ವಾಸನೆ ಬಂತು. ಹೊರಗಿನ ಮಾವಿನ ಸೊನೆಯ ವಾಸನೆಯೂ ಅದಕ್ಕೆ ಸೇರಿಕೊಂಡಿತು… ಕಂಪ್ಯೂಟರ್ ಮೇಷ್ಟ್ರು ನೆನಪಾದರು.

ನಾನು ಹೋಳೂರಿನಿಂದ ಶ್ರೀನಿವಾಸಪುರಕ್ಕೆ ಮದುವೆಯಾಗಿ ಬಂದವಳು. ಯಜಮಾನರು ಲಾರಿ ಓಡಿಸುತ್ತಿದ್ದರು. ಮಾವಿನ ಕಾಲದಲ್ಲಂತೂ ಅವರು ಮನೆಗೆ ಬಂದರೆ ನೆಂಟರು ಬಂದ ಹಾಗೆ. ಹಗಲೆಲ್ಲ ಗೋಡೆ ನೋಡಿಕೊಂಡು ಕೂರಲಾರದೆ ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯ ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಕಲಿಯುವ ಹಂಬಲ ಅಷ್ಟೇನೂ ಇರಲಿಲ್ಲ. ಮಾತಾಡುವವರು ಬೇಕಿತ್ತು, ಅಷ್ಟೇ.

ಮೇಷ್ಟ್ರದ್ದೂ ಅದೇ ಪಾಡು ಎಂದು ಆಮೇಲೆ ತಿಳಿಯಿತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕೇಳುವವರೂ ಹೇಳುವವರೂ ಇಲ್ಲದ ಮನೆ. "ಏಮ್ಮಾ, ಊಟ ಆಯ್ತಾ?" ಎಂದು ತೆಲುಗು, ಕನ್ನಡ ಕಲಸಿ ಕೇಳುವರು. ಉತ್ತರ ಬರುವವರೆಗೂ ಪಾಠ ಶುರು ಮಾಡುತ್ತಿರಲಿಲ್ಲ.

ಪಿಎಚ್‌ಪಿ ಎಂಬ ಪ್ರೋಗ್ರಾಮ್ ಭಾಷೆಯಲ್ಲಿ, ‘ಕ್ಲಾಸ್’ ಎನ್ನುವ ಕಟ್ಟಿನ ಒಳಗೆ ಬಚ್ಚಿಟ್ಟ ಬೆಲೆಯನ್ನು ಹೊರಗಿನಿಂದ ಓದುವುದು ಹೇಗೆಂಬುದು ನನ್ನ ತಲೆಗೆ ಹತ್ತಲಿಲ್ಲ.

"ಮಂಡಿ ನೋಡಿದೀಯಲ್ಲ" ಎಂದರು ಮೇಷ್ಟ್ರು. "ಒಳಗಿರೋ ಮಾಲನ್ನ ಕಂಡೋರೆಲ್ಲ ಮುಟ್ಟಂಗಿಲ್ಲ. ಕೇಳಿದ್ರೆ ಗುಮಾಸ್ತ ನೋಡಿ ಹೇಳ್ತಾನೆ, ಅದು ಗೆಟ್. ಕೊಟ್ರೆ ಈಸ್ಕೊಂಡು ಒಳಗಿಡ್ತಾನೆ, ಅದು ಸೆಟ್. ನೀನ್ ಕರೀದೇನೇ ಅವ್ನಾಗೇ ಬರ್ತಾನೆ. ಅದ್ಕೇ ಮ್ಯಾಜಿಕ್ ಅನ್ನೋದು."

ಆ ಎರಡು ಹೆಸರಿನ ಮೊದಲಿಗೆ ಜೋಡಿ ಅಡಿಗೆರೆ ಹಾಕಲು ಮರೆತರೆ, "ಗುಮಾಸ್ತ ಇವತ್ತು ರಜಾ" ಎಂದು ಗೇಲಿ ಮಾಡುತ್ತಿದ್ದರು.

ಮಂಡಿಗೆ ದಿನದ ಬೆಲೆ ತೋರಿಸುವ ಪ್ರೋಗ್ರಾಮನ್ನು ಇಬ್ಬರೂ ಕೂತು ಬರೆದೆವು. ನಮ್ಮ ಕಡೆ ಒಂದೇ ಹಣ್ಣಿಗೆ ಬಾಯಿಗೊಂದು ಹೆಸರು. ತೋತಾಪುರಿ ಎಂದರೂ ಗಿಣಿಮೂತಿ ಎಂದರೂ ಗೆಟ್ ಒಂದೇ ಬೆಲೆ ಹೇಳಬೇಕು. ಬೇನಿಷಾ ಎಂದವರಿಗೂ ಬಂಗನಪಲ್ಲಿ ಸಿಗಬೇಕು. ಇಲ್ಲದ ಹಣ್ಣನ್ನು ಕೇಳಿದರೆ ಖಾಲಿ ಬಿಡೋಣ ಸಾರ್ ಎಂದೆ. ಅವರು ಒಪ್ಪಲಿಲ್ಲ.

"ಕೇಳಿದೋರಿಗೆ ಏನಾದ್ರೂ ಹೇಳ್ಬೇಕಮ್ಮ. ಸುಮ್ನಿರೋದು ಮನೇಲೇ ಬೇಕಾದಷ್ಟಿದೆ. ಆ ಸಾಲು ನಾನ್ ಬರೀತೀನಿ ಬಿಡು."

ಆ ಪ್ರೋಗ್ರಾಮಿನಿಂದಲೇ ನನಗೆ ಮಂಡಿಯಲ್ಲಿ ಕೆಲಸ ಸಿಕ್ಕಿತು. ಸಂಜೆ ಸೆಂಟರಿಗೆ ಹೋಗಿ ಮಾತಾಡಿಕೊಂಡು ಬರುತ್ತಿದ್ದೆ. ಹುಡುಗರೆಲ್ಲ ಫೋನಿನಲ್ಲೇ ಕಲಿಯತೊಡಗಿದ ಮೇಲೆ ಸೆಂಟರ್ ಮುಚ್ಚಿತು. ಮೇಷ್ಟ್ರು ಮುಳಬಾಗಿಲಿನ ತಂಗಿ ಮನೆಗೆ ಹೋದರು. ಕೆಲಕಾಲ ಫೋನು ಬರುತ್ತಿತ್ತು… ಆಮೇಲೆ ಅದೂ ಕಡಿಮೆಯಾಯಿತು. ಹೋದ ವರ್ಷ ಅವರು ತೀರಿಕೊಂಡರೆಂದು ಆ ತಂಗಿಯೇ ಫೋನು ಮಾಡಿ ತಿಳಿಸಿದರು. ಯಜಮಾನರು ಲಾರಿ ತೆಗೆದುಕೊಂಡು ಹೋಗಿದ್ದರು. ಫೋನಿಟ್ಟ ಮೇಲೆ ಹೇಳಿಕೊಂಡು ಅಳಲು ನನ್ನ ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಮಂಡಿಗೆ ಹೊಸ ಪ್ರೋಗ್ರಾಮ್ ಬಂದಿದೆ. ಹಳೆಯದನ್ನು ಅಳಿಸುವ ಮೊದಲು ಒಮ್ಮೆ ನೋಡೋಣವೆಂದೇ ಮೊನ್ನೆ ಅದನ್ನು ತೆರೆದದ್ದು. ಇಲ್ಲದ ಹಣ್ಣಿಗೆಂದು ಮೇಷ್ಟ್ರು ಬರೆದ ಆ ಸಾಲನ್ನು ನಾನು ಕಂಡೇ ಇರಲಿಲ್ಲ. ಇಷ್ಟು ವರ್ಷವೂ ಇರುವ ಹಣ್ಣನ್ನೇ ಕೇಳಿದ್ದೆ. ಇಲ್ಲದ್ದನ್ನು ಕೇಳುವ ಪ್ರಮೇಯ ಬಂದಿರಲಿಲ್ಲ. ಹಣ್ಣಿನ ಹೆಸರಿನ ಜಾಗದಲ್ಲಿ ‘ಮೇಷ್ಟ್ರು’ ಎಂದು ಟೈಪ್ ಮಾಡಿದೆ.

"ಅದು ಇಲ್ಲ ಕಣಮ್ಮ. ಬೇರೆ ಏನ್ ಬೇಕೋ ಕೇಳು" ಎಂದು ಪರದೆಯ ಮೇಲೆ ಬಂತು.

ನನಗೆ ಬೇರೆ ಏನೂ ಬೇಕಿರಲಿಲ್ಲ. ಮತ್ತೆ ಅದನ್ನೇ ಟೈಪ್ ಮಾಡಿದೆ.