ಸೋದರತ್ತೆಯ ದನಿ

ವಸುಂಧರಾಗೆ ಕೋಪ ಮೂಗಿನ ತುದಿಯಲ್ಲೇ. ಕೊರೊನಾ ಬಂದಮೇಲಂತೂ ಅದು ಅಲ್ಲಿಂದ ಇಳಿದದ್ದೇ ಇಲ್ಲ. ಪರದೇಶದ ಕ್ಯಾಸಲ್‌ನಾಕ್ ಎಂಬ ಊರಿನ ತನ್ನ ಅಡುಗೆಮನೆಯಲ್ಲಿ ಕೂತು ಕಾಲೇಜು ಹುಡುಗರಿಗೆ ಆನ್‌ಲೈನ್‌ನಲ್ಲಿ ಮಾಧ್ಯಮ ಸಿದ್ಧಾಂತ ಹೇಳಿಕೊಡುತ್ತಿದ್ದಳು. ನಕಲು ಮೊದಲು ಅಸಲಿನ ಬದಲಿಗೆ ಬರುತ್ತದೆ, ಆಮೇಲೆ ಅದರ ಜಾಗದಲ್ಲೇ ಕೂರುತ್ತದೆ, ಕೊನೆಗೆ ಅಸಲೇ ನಕಲಿನಂತೆ ಇರಬೇಕಾಗುತ್ತದೆ. ಇದನ್ನೆಲ್ಲ ಕ್ಯಾಮೆರಾ ಆಫ್ ಮಾಡಿದ ನಲವತ್ತು ಕಪ್ಪು ಚೌಕಗಳಿಗೆ ಹೇಳಬೇಕು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

2021ರ ಜನವರಿಯಲ್ಲಿ, ಅದೇ ದೇಶದ ಡನ್‌ಡಾಕ್‌ನಲ್ಲಿದ್ದ ತಮ್ಮ ಉಲ್ಲಾಸನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ಇದ್ದವಳು ಇವಳೊಬ್ಬಳೇ. ಆದರೆ ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಡನ್‌ಡಾಕ್ ಎಂಬತ್ತು ಕಿಲೋಮೀಟರ್ ದೂರ.

"ಅಕ್ಕ, ಜೂಮ್‌ನಲ್ಲೇ ಹೇಳ್ಬಿಡು. ನೆಟ್‌ವರ್ಕ್ ಕೈಕೊಟ್ರೆ ಇರ್ಲಿ, ಒಂದು ವಾಯ್ಸ್ ಮೆಸೇಜೂ ಕಳ್ಸಿರು," ಎಂದ ಉಲ್ಲಾಸ್.

ಕಳಿಸಿದಳು. ಅಲ್ಲೇ ಕೆಟ್ಟದ್ದು.

ಆ ದಿನ ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಬಾಯಿ ತೆರೆದಳು. ಚಿತ್ರ ಗಕ್ಕನೆ ನಿಂತಿತು. ಮತ್ತೆ ಅಲುಗುವಷ್ಟರಲ್ಲಿ ಉಲ್ಲಾಸ್ ಮಗುವಿನ ಕಿವಿಗೆ ಫೋನ್ ಹಿಡಿದು ಅವಳ ವಾಯ್ಸ್ ಮೆಸೇಜ್ ಹಾಕಿದ್ದ. "ಅನನ್ಯಾ, ಅನನ್ಯಾ, ಅನನ್ಯಾ." ಮೈಸೂರಿನಿಂದ ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ನಾನಿನ್ನೂ ಹೇಳೇ ಇಲ್ವಲ್ಲೋ!"

"ಶಾಸ್ತ್ರ ಆಯ್ತಲ್ಲಕ್ಕ. ಗ್ರ್ಯಾಂಡ್ ಆಗಿ ಬಂತು!"

ಅವನ ಕೆನ್ನೆಗೆ ಬಾರಿಸಲು ಕೈ ತುರಿಸಿತು. ಸರ್ಕಾರದ ಐದು ಕಿಲೋಮೀಟರ್ ಅವನನ್ನು ಕಾಪಾಡಿತು.

ಮೇ ತಿಂಗಳಲ್ಲಿ ಊರಿಂದೂರಿಗೆ ದಾರಿ ಬಿಟ್ಟ ದಿನವೇ ಕಾರು ಹತ್ತಿದಳು. ಬೇರೇನೂ ಬೇಡ, ಒಮ್ಮೆ ತನ್ನ ಬಾಯಿಂದಲೇ ಆ ಕಿವಿಯಲ್ಲಿ ಹೆಸರು ಹೇಳಬೇಕು. ಬೇರೆಯವರ ಮನೆಯೊಳಗೆ ಇನ್ನೂ ಹೋಗುವಂತಿರಲಿಲ್ಲ. ಹಿತ್ತಲಿನ ಹುಲ್ಲಿನ ಮೇಲೆ ನಿಂತು ಮಗುವನ್ನು ಎತ್ತಿಕೊಂಡು, ಬಗ್ಗಿ ಹೇಳಿದಳು.

ಮಗು ಬೆಚ್ಚಿ ಕಿಟಾರನೆ ಕಿರುಚಿತು.

"ತಡೀರಿ ಅತ್ತಿಗೆ," ಎಂದು ಉಲ್ಲಾಸನ ಹೆಂಡತಿ ಇಂಚರಾ ಫೋನ್ ಒತ್ತಿದಳು. "ದಿನಾ ನಿಮ್ಮ ದನಿ ಹಾಕಿದ್ರೇನೇ ಮಲಗೋದು ಇವ್ಳು."

ಫೋನು ಮೂರು ಸಲ ಅನನ್ಯಾ ಎಂದಿತು. ಮಗು ತಟ್ಟನೆ ಅಳು ನಿಲ್ಲಿಸಿ ಅದರತ್ತ ನಕ್ಕಿತು.

ವಸುಂಧರಾಗೆ ಸಿಟ್ಟೂ ಬಂತು, ಅಳುವೂ ಬಂತು. ಯಾರನ್ನು ಬೈಯಬೇಕು? ಬೈಯೋಣವೆಂದರೆ ಆ ದನಿಯೂ ತನ್ನದೇ.

"ಇನ್ನೊಂದ್ಸಲ ಹಾಕು," ಎಂದಳು. ಕಿವಿಗೊಟ್ಟು ಕೇಳಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಫೋನು ಹೇಳಿದ ಹಾಗೇ, ಅದೇ ರಾಗದಲ್ಲಿ, ಸ್ವಲ್ಪ ಮೂಗಿನಲ್ಲಿ "ಅನನ್ಯಾ" ಎಂದಳು.

ಮಗು ಅವಳನ್ನೊಮ್ಮೆ ಅನುಮಾನದಿಂದ ನೋಡಿ, ಫೋನಿನತ್ತ ಕೈ ಚಾಚಿತು.